ನಡುವಿನ ಹೆಸರು

ಧಾರವಾಡ
16 ಜೂನ್ 2025

ಶ್ರೀ ಈರಯ್ಯ ಸಾಲಿಮಠ ಅವರಿಗೆ,

ನಮಸ್ಕಾರ. ಈ ಪತ್ರ ಕಂಡು ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಕಂಪನಿಯ ಅಂಚೆಪೆಟ್ಟಿಗೆ ಸಂಖ್ಯೆಯನ್ನು ಅವ್ವನ ಕಡೆಯಿಂದ ಪಡೆದೆ. ಫೋನಿನಲ್ಲೇ ಕೇಳಬಹುದಿತ್ತು, ಬಾಯಿ ಬರಲಿಲ್ಲ. ನೀವು ಕುವೈತಿಗೆ ಹೋದಾಗಿನಿಂದ ನಾವಿಬ್ಬರು ಆಡಿದ ಮಾತು ಹಬ್ಬಕ್ಕೊಂದು ‘ಆರಾಮ?’, ‘ಆರಾಮ’. ಅಷ್ಟೇ.

ನಾನೀಗ ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೇನೆ. ಒಂದು ಪ್ರಬಂಧ ಬರೆಯಬೇಕು. ನಮ್ಮ ಮೇಡಂ ಕೊಟ್ಟ ವಿಷಯ: ಹಳೆಯ ಚೀನಾ ಸಾಮ್ರಾಜ್ಯದ ಕಾನೂನಿನಲ್ಲಿ ಅಧಿಕಾರಿಗಳನ್ನು ಹುದ್ದೆಯಿಂದ ತೆಗೆಯುವ ಶಿಕ್ಷೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ, ತಾಂಗ್ ಅರಸರ ಕಾಲದಲ್ಲಿ, ಈ ಶಿಕ್ಷೆಗೆ ಮೂರು ದರ್ಜೆಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಅಧಿಕಾರಿಯ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕುವುದು. ಅವನು ಆವತ್ತಿನಿಂದ ಸಾಮಾನ್ಯ ಪ್ರಜೆ.

ಪುಸ್ತಕದಲ್ಲಿ ಕಲಮುಗಳಿವೆ, ಮನುಷ್ಯರಿಲ್ಲ. ಮೇಡಂ ಹೇಳಿದರು, ‘ಕೆಲಸದಿಂದ ತೆಗೆಸಿಕೊಂಡ ಒಬ್ಬ ಸರ್ಕಾರಿ ನೌಕರನನ್ನಾದರೂ ಕಂಡು ಮಾತಾಡಿಸು. ಆ ದಿನ ಹೇಗಿರುತ್ತದೆ ಎಂದು ಕೇಳು.’ ನನಗೆ ಗೊತ್ತಿರುವವರು ನೀವೊಬ್ಬರೇ.

ಆದ್ದರಿಂದ ಕೇಳುತ್ತಿದ್ದೇನೆ. ಆದೇಶ ಕೈಗೆ ಬಂದ ದಿನ ಕಚೇರಿಯಲ್ಲಿ ಏನೇನು ನಡೆಯಿತು? ಯಾವ ವಸ್ತುಗಳನ್ನು ಒಪ್ಪಿಸಿದಿರಿ? ಯಾರು ಏನು ಹೇಳಿದರು? ಸಾಧ್ಯವಾದರೆ ಬರೆಯಿರಿ. ಬೇಡವೆನಿಸಿದರೆ ಬಿಡಿ, ತೊಂದರೆಯಿಲ್ಲ.

ಇಂತಿ,
ಸಾಕ್ಷಿ ಸಾಲಿಮಠ

*

ಸುಲೈಬಿಯಾ, ಕುವೈತ್
11 ಜುಲೈ 2025, ಶುಕ್ರವಾರ

ಮಗಳೇ ಸಾಕ್ಷಿ,

ನಿನ್ನ ಪತ್ರ ಬಂದು ಐದು ದಿನವಾಯಿತು. ಶುಕ್ರವಾರ ರಜೆಯೆಂದು ಇವತ್ತಿನವರೆಗೆ ಕಾದೆ. ಐದು ದಿನವೂ ಅದು ಅಂಗಿಯ ಜೇಬಿನಲ್ಲೇ ಇತ್ತು. ನಾನು ಕೂರುವುದು ಗೋದಾಮಿನ ಗೇಟಿನ ಪಕ್ಕದ ಕ್ಯಾಬಿನ್ನಿನಲ್ಲಿ. ಬರುವ ಹೋಗುವ ಲಾರಿಗಳ ನಂಬರು ಬರೆಯುವುದು ನನ್ನ ಕೆಲಸ. ಸೋಮವಾರ ಒಂದು ಲಾರಿಯ ನಂಬರು ಬರೆಯುವ ಜಾಗದಲ್ಲಿ ‘ಧಾರವಾಡ’ ಎಂದು ಬರೆದುಬಿಟ್ಟಿದ್ದೆ. ನಮ್ಮ ಮುದೀರ್, ಎಂದರೆ ಮ್ಯಾನೇಜರು, ಅದು ಯಾವ ಟ್ರಾನ್ಸ್‌ಪೋರ್ಟ್ ಕಂಪನಿ ಎಂದು ಕೇಳಿದ.

ಕವರಿನ ಮೇಲೆ ನಿನ್ನ ಹೆಸರು ಎರಡೇ ಪದವಿದೆ. ನಮ್ಮ ಕಡೆ ಹೆಸರು ಮೂರು ಪದವಲ್ಲವೇ? ನಡುವೆ ಇರಬೇಕಾದ ಅಪ್ಪನ ಹೆಸರು ಅಂಚೆಯಲ್ಲಿ ಎಲ್ಲೋ ಬಿದ್ದುಹೋಯಿತೋ ಏನೋ. ಇರಲಿ, ಕಾಗದ ಬಂತಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಆದೇಶ ಬಂದದ್ದು 2019ರ ಡಿಸೆಂಬರ್ 12, ಗುರುವಾರ. ತಾಲ್ಲೂಕು ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ದುಡಿದವನು ಒಪ್ಪಿಸಿದ್ದು ಇಷ್ಟು: ಮೂವತ್ಮೂರು ಅಡಿಯ ಸರಪಳಿ ಒಂದು, ಹೊಲಗಳ ಟಿಪ್ಪಣಿ ಪುಸ್ತಕಗಳು ಹನ್ನೊಂದು, ನಕ್ಷೆಗಳ ಕೊಳವೆ ಎರಡು, ಬೀರುವಿನ ಕೀಲಿ. ಸರಪಳಿಯಲ್ಲಿ ಒಂದು ಕೊಂಡಿ ಸವೆದಿತ್ತು. ಅದನ್ನು ಪಟ್ಟಿಯಲ್ಲಿ ಬರೆಸಿದೆ. ನಾಳೆ ಯಾರದೋ ಹೊಲ ಅರ್ಧ ಗುಂಟೆ ಕಡಿಮೆಯಾದರೆ ನನ್ನ ಹೆಸರು ಬರಬಾರದು ನೋಡು.

ಯಾರೂ ಏನೂ ಹೇಳಲಿಲ್ಲ. ಚಹಾ ತರಿಸಿದರು. ಕುಡಿದು ಹೊರಗೆ ಬಂದೆ. ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು, ಕೊಡೆ ಅಲ್ಲೇ ಉಳಿದಿತ್ತು. ತರಲು ಹೋಗಲಿಲ್ಲ. ಆ ಮೆಟ್ಟಿಲು ಹತ್ತಲು ಇನ್ನು ಯಾವ ಹಕ್ಕಿದೆ ಅನಿಸಿತು. ಮಗಳೇ, ಸಂಬಳ ಹೋದದ್ದಕ್ಕಿಂತ ಆ ಕೊಡೆ ತರಲಾಗಲಿಲ್ಲವಲ್ಲ, ಅದೇ ಬಹಳ ದಿನ ಚುಚ್ಚಿತು.

ಆ ಚೀನಾದವರ ಹೆಸರು ಹೊಡೆದುಹಾಕಿದ ಮೇಲೆ ಅವರೆಲ್ಲ ಏನಾದರು? ಬರೆಯಲು ಸಮಯ ಸಿಕ್ಕರೆ ಬರೆ. ಇಲ್ಲಿ ಬಿಸಿಲು ಐವತ್ತು ಡಿಗ್ರಿ ಮುಟ್ಟಿದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಪ್ಪ

*

ಧಾರವಾಡ
4 ಆಗಸ್ಟ್ 2025

ಅಪ್ಪನವರಿಗೆ,

ಪತ್ರ ತಲುಪಿತು. ಕೊಡೆಯ ಸಂಗತಿಯನ್ನು ಮೇಡಂಗೂ ಓದಿ ಹೇಳಿದೆ. ಪ್ರಬಂಧದಲ್ಲಿ ಹಾಕಿಕೊಳ್ಳುತ್ತೇನೆ, ನಿಮ್ಮ ಹೆಸರು ಬರೆಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೆಸರು ಹೊಡೆದುಹಾಕಿಸಿಕೊಂಡವನು ಆರು ವರ್ಷ ಕಾಯಬೇಕು. ಆಮೇಲೆ ಮತ್ತೆ ಸೇವೆಗೆ ಬರಬಹುದು, ಆದರೆ ಮೊದಲಿನ ಜಾಗಕ್ಕಲ್ಲ, ಕೆಳಗಿನ ದರ್ಜೆಗೆ. ಎರಡನೆಯ ಬಗೆಯ ಶಿಕ್ಷೆಯಾದರೆ ಮೂರು ವರ್ಷ, ಎರಡು ದರ್ಜೆ ಕೆಳಗೆ. ಮೂರನೆಯದಾದರೆ ಒಂದೇ ವರ್ಷ, ಒಂದೇ ದರ್ಜೆ. ಕೊಲೆ, ದೇಶದ್ರೋಹ ಎಲ್ಲ ಬೇರೆ ಲೆಕ್ಕ.

ನಮ್ಮಲ್ಲೂ ಎರಡು ಬಗೆ ಇದೆಯಂತೆ. ವಜಾ ಆದವನಿಗೆ ಸರ್ಕಾರದ ಬಾಗಿಲು ಸಾಮಾನ್ಯವಾಗಿ ಮುಚ್ಚಿತು. ತೆಗೆದುಹಾಕಿಸಿಕೊಂಡವನು ಮತ್ತೆ ಬೇರೆ ನೌಕರಿಗೆ ಅರ್ಜಿ ಹಾಕಬಹುದು. ನಿಮ್ಮದು ಯಾವುದು? ಯಾವ ಆರೋಪದ ಮೇಲೆ? ಪ್ರಬಂಧಕ್ಕೆ ಬೇಕು.

ಪ್ರಬಂಧಕ್ಕೆ ಮಾತ್ರವಲ್ಲ. ಆರು ವರ್ಷದ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೆ, ನಿಮಗೆ ನೆನಪಿದೆಯೋ ಇಲ್ಲವೋ. ಆವತ್ತು ಸರಿಯಾದ ಉತ್ತರ ಸಿಗಲಿಲ್ಲ.

ಸಾಕ್ಷಿ

*

ಸುಲೈಬಿಯಾ
29 ಆಗಸ್ಟ್ 2025, ಶುಕ್ರವಾರ

ಮಗಳೇ,

ಈ ಸಲ ‘ಶ್ರೀ’ ಹೋಗಿ ‘ಅಪ್ಪನವರು’ ಬಂದಿದೆ. ಬಡ್ತಿ ಸಿಕ್ಕಷ್ಟು ಸಂತೋಷವಾಯಿತು.

ಚೀನಾದ ಆರು ವರ್ಷದ ಕಥೆಯನ್ನು ಮೊಯ್ದಿನಬ್ಬರಿಗೆ ಹೇಳಿದೆ. ಅವರು ನಮ್ಮ ಕ್ಯಾಂಪಿನ ಪಕ್ಕದ ಬಕಾಲಾದವರು, ಕಿರಾಣಿ ಅಂಗಡಿಗೆ ಇಲ್ಲಿ ಬಕಾಲಾ ಎನ್ನುತ್ತಾರೆ. ಮಂಗಳೂರಿನ ಕಡೆಯವರು, ಬ್ಯಾರಿ. ಇಪ್ಪತ್ತೆಂಟು ವರ್ಷದಿಂದ ಇಲ್ಲಿದ್ದಾರೆ. ಕೇಳಿದವರೇ, ‘ಆರು ವರ್ಷ ಆದ್ಮೇಲೆ ವಾಪಸ್ ಕರೀತಾರಾ? ಚೀನಾದವ್ರೇ ಆಗ್ಬೋದು ಮಾರಾಯ್ರೆ! ನಂಗೆ ಇಪ್ಪತ್ತೆಂಟು ವರ್ಷ ಆಯ್ತು, ಯಾರೂ ಕರೀಲಿಲ್ಲ’ ಎಂದರು. ನಕ್ಕರು. ನಗು ಮುಗಿದ ಮೇಲೆ ಸೋಡಾ ಬಾಟಲಿಗಳನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸಿಟ್ಟರು.

ನನ್ನದು ವಜಾ ಅಲ್ಲ, ತೆಗೆದುಹಾಕಿದ್ದು. ಮತ್ತೆ ಅರ್ಜಿ ಹಾಕಬಹುದು ನಿಜ. ಐವತ್ಮೂರರ ಮುದುಕನಿಗೆ ಯಾವ ಅರ್ಜಿ? ಅಲ್ಲಿ ಊರಿನಲ್ಲಿ ನನಗೆ ಯಾವ ಹುದ್ದೆಯೂ ಉಳಿದಿಲ್ಲ. ಇಲ್ಲಿ ಒಂದು ಕುರ್ಚಿಯಾದರೂ ಇದೆ. ಜನವರಿ ಕೊನೆಗೆ ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಸಹಿ ಹಾಕು ಎಂದು ಮುದೀರ್ ಕಾಗದ ಕೊಟ್ಟಿದ್ದಾನೆ. ಹಾಕಬೇಕೆಂದಿದ್ದೇನೆ.

ಆರೋಪದ ವಿಷಯ ಬಿಡು. ಹಳೆಯ ಹುಣ್ಣು ಕೆರೆದರೆ ರಕ್ತವೇ. ಅಡುಗೆಮನೆ ಬಾಗಿಲಿನ ಮಾತು ನೆನಪಿದೆ. ನೀನು ಕೂದಲಿಗೆ ಕೆಂಪು ರಿಬ್ಬನ್ ಕಟ್ಟಿದ್ದೆ.

ಹೋದ ವಾರ ಫಹಾಹೀಲ್‌ಗೆ ಹೋಗಿದ್ದೆ. ಸಮುದ್ರದ ದಂಡೆಯಲ್ಲಿ ನಿನ್ನಷ್ಟೇ ಎತ್ತರದ ಒಂದು ಹುಡುಗಿ ತನ್ನ ಅಪ್ಪನಿಗೆ ಇಂಗ್ಲಿಷಿನಲ್ಲಿ ಬಯ್ಯುತ್ತಾ ನಡೆಯುತ್ತಿದ್ದಳು. ಆ ಮನುಷ್ಯ ಕನ್ನಡದಲ್ಲಿ, ‘ಆತವ್ವ, ಆತು’ ಎನ್ನುತ್ತಾ ಹಿಂದೆ ಹೋಗುತ್ತಿದ್ದ. ಅವನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಬಯ್ಯಲಾದರೂ ನೀನು ಹತ್ತಿರ ಇರಬೇಕಿತ್ತು.

ನಿನ್ನ,
ಅಪ್ಪ

*

ಬಾಗಲಕೋಟೆ
3 ಅಕ್ಟೋಬರ್ 2025

ಅಪ್ಪಾ,

ದಸರೆಗೆ ಊರಿಗೆ ಬಂದಿದ್ದೇನೆ. ನೀವು ಹೇಳುವುದಿಲ್ಲವೆಂದು ಗೊತ್ತಾಗಿ ಅವ್ವನನ್ನು ಕೇಳಿದೆ. ಅವಳೂ ಹೇಳಲಿಲ್ಲ. ‘ಅವರೇ ಹೇಳಬೇಕವ್ವ’ ಎಂದು ರೊಟ್ಟಿ ಬಡಿಯುತ್ತಾ ಕೂತಳು. ನಾನು ಟ್ರಂಕು ತೆಗೆದೆ. ಅವಳು ತಡೆಯಲಿಲ್ಲ. ಆದೇಶ ಅವಳ ಮದುವೆ ಸೀರೆಯ ಮಡಿಕೆಯಲ್ಲಿತ್ತು.

ಲಂಚ ಎನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ. ಮೂರು ಸಲ ಓದಿದೆ. ‘2017ರ ಆಗಸ್ಟ್ 9ರಿಂದ 2018ರ ಅಕ್ಟೋಬರ್ 14ರವರೆಗೆ ಅನಧಿಕೃತ ಗೈರುಹಾಜರಿ. ಮೂರು ನೋಟೀಸುಗಳಿಗೆ ಸಮರ್ಪಕ ಉತ್ತರ ನೀಡಿರುವುದಿಲ್ಲ. ವೈಯಕ್ತಿಕ ಕಾರಣ ಎಂದಷ್ಟೇ ತಿಳಿಸಿರುತ್ತಾರೆ.’

ಅಕ್ಟೋಬರ್ 14 ನಿಮ್ಮ ಅವ್ವ, ನಮ್ಮ ನೀಲವ್ವ ಆಯಿ, ತೀರಿಕೊಂಡ ದಿನ. ನಾನು ಆಗ ವಸತಿ ಶಾಲೆಯಲ್ಲಿದ್ದೆ. ಆಯಿಯ ಮಣ್ಣಿಗೆಂದು ನನ್ನನ್ನು ಕರೆಸಿದ್ದಿರಿ. ಅದಕ್ಕೂ ಮೊದಲು ಒಂದು ವರ್ಷ ಆಯಿ ಎಲ್ಲಿ ಎಂದು ಕೇಳಿದಾಗೆಲ್ಲ, ‘ಗಾಳಿ ಬದಲಾಗಲಿ ಅಂತ ಹುನಗುಂದದ ಕಡೆ ಹೋಗ್ಯಾಳ’ ಎನ್ನುತ್ತಿದ್ದಿರಿ. ನೀವು ಆಯಿಯ ಜೊತೆ ಇದ್ದಿರಿ, ಹೌದಲ್ಲ?

ಅಪ್ಪಾ, ತಾಂಗ್ ಕಾನೂನಿನಲ್ಲಿ ಒಂದು ಕಲಮು ಇದೆ. ತಂದೆತಾಯಿ ಮುದುಕರಾಗಿ, ಕಾಯಿಲೆಯಾಗಿ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿರುವಾಗ ಅವರನ್ನು ಬಿಟ್ಟು ಹುದ್ದೆಗೆ ಹೋದವನನ್ನು ಆ ಹುದ್ದೆಯಿಂದ ತೆಗೆಯಬೇಕು. ಇದನ್ನು ಜುಲೈನಲ್ಲೇ ಓದಿ ಅಡಿಗೆರೆ ಹಾಕಿದ್ದೆ. ವಿಚಿತ್ರ ಕಾನೂನು ಎಂದು ಪಕ್ಕದಲ್ಲಿ ಬರೆದಿದ್ದೆ. ಅಲ್ಲಿ ಬಿಟ್ಟು ಹೋದವನಿಗೆ ಶಿಕ್ಷೆ. ನಿಮಗೆ ಬಿಟ್ಟು ಹೋಗದಿದ್ದಕ್ಕೆ ಶಿಕ್ಷೆ.

ಆವತ್ತು ಕಾಲೇಜಿನಲ್ಲಿ ಒಬ್ಬಳು, ‘ನಿಮ್ಮಪ್ಪನ್ನ ಲೋಕಾಯುಕ್ತದವರು ಹಿಡದಾರಂತಲ್ಲ’ ಎಂದಿದ್ದಳು. ಅಳುತ್ತಾ ಮನೆಗೆ ಬಂದು ಕೇಳಿದೆ, ‘ಲಂಚ ತಗೊಂಡೀರೇನ್ರೀ ಅಪ್ಪಾ?’ ನೀವು ಗೋಡೆ ನೋಡುತ್ತಾ, ‘ಹಂಗಂತ ತಿಳ್ಕೋ’ ಎಂದಿರಿ. ನಾನು ತಿಳಿದುಕೊಂಡೆ. ಆರು ವರ್ಷ ಹಾಗೇ ತಿಳಿದುಕೊಂಡೆ. ನೀವು ರಜೆಗೆ ಬಂದ ತಿಂಗಳು ಪರೀಕ್ಷೆ ಇದೆಯೆಂದು ಸುಳ್ಳು ಹೇಳಿ ಹಾಸ್ಟೆಲಿನಲ್ಲೇ ಉಳಿದೆ.

ಯಾಕೆ ಹಾಗಂದಿರಿ? ಒಂದು ಸಾಲು ಬರೆದಿದ್ದರೆ ನೌಕರಿ ಉಳಿಯುತ್ತಿತ್ತು. ಒಂದು ಮಾತು ಹೇಳಿದ್ದರೆ ನಾನು ಉಳಿಯುತ್ತಿದ್ದೆ.

ಸಾಕ್ಷಿ

*

ಧಾರವಾಡ
12 ನವೆಂಬರ್ 2025

ಅಪ್ಪಾ,

ಉತ್ತರ ಬರಲಿಲ್ಲ. ದಿನವೂ ಹಾಸ್ಟೆಲಿನ ಗೇಟಿನಲ್ಲಿ ಕೇಳುತ್ತೇನೆ. ಸಿಟ್ಟಾಗಿದ್ದರೆ ಸಿಟ್ಟಿನಿಂದಲೇ ಬರೆಯಿರಿ. ಫೋನಿನಲ್ಲಿ ‘ಆರಾಮ’ ಎನ್ನಬೇಡಿ, ನನಗೆ ಸಾಕಾಗಿದೆ.

ಸಾಕ್ಷಿ

*

ಸುಲೈಬಿಯಾ
21 ನವೆಂಬರ್ 2025, ಶುಕ್ರವಾರ

ನನ್ನ ಸಾಕ್ಷಿ,

ಸಿಟ್ಟಿಲ್ಲವ್ವ. ನಾಲ್ಕು ಶುಕ್ರವಾರ ಬರೆಯಲು ಕೂತೆ, ನಾಲ್ಕು ಹಾಳೆ ಹರಿದೆ. ಇದು ಐದನೆಯದು.

ನಿನ್ನ ಆಯಿಗೆ ಮರೆವಿನ ಕಾಯಿಲೆ ಬಂದಿತ್ತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ನಮ್ಮ ಹೆಸರು ಮರೆತಳು, ಕೊನೆಗೆ ಮನೆಯನ್ನೇ ಮರೆತಳು. ಬೆಳಗಾದರೆ ತವರಿಗೆ ಹೋಗುತ್ತೇನೆಂದು ಬೀದಿಗೆ ಇಳಿಯುವಳು, ಮೈಮೇಲೆ ಸೀರೆ ಇದೆಯೋ ಇಲ್ಲವೋ ಎಂಬ ಪರಿವೆ ಇರಲಿಲ್ಲ. ಆ ಹೊತ್ತಿಗೇ ನಿಮ್ಮ ಅಕ್ಕ ಸ್ವಪ್ನಾಳಿಗೆ ಸಂಜೀವನ ಸಂಬಂಧ ಬಂದಿತ್ತು. ಇಂಥ ಕಾಯಿಲೆಗೆ ನಮ್ಮ ಊರಿನಲ್ಲಿ ಒಂದೇ ಹೆಸರು, ಹುಚ್ಚು. ‘ಆ ಮನೆತನದಾಗ ಹುಚ್ಚ ಐತಿ’ ಎಂದು ಒಬ್ಬರು ಬಾಯಿಬಿಟ್ಟರೆ ಸಂಬಂಧ ಮುರಿಯಿತು, ನಾಳೆ ನಿನ್ನದೂ ಮುರಿಯಿತು.

ರಜೆ ಚೀಟಿ ಬರೆಯಬಹುದಿತ್ತಲ್ಲ ಎಂದು ಕೇಳುತ್ತೀಯ. ರಜೆ ಚೀಟಿ ಮೊದಲು ಹೋಗುವುದು ಶಿರಸ್ತೇದಾರರ ಮೇಜಿಗೆ. ನಮ್ಮ ಶಿರಸ್ತೇದಾರರು ಸಂಜೀವನ ದೊಡ್ಡಪ್ಪ. ಆ ಸಂಬಂಧ ತಂದವರೇ ಅವರು! ಡಾಕ್ಟರ ಚೀಟಿ ಲಗತ್ತಿಸಿದರೆ ಬೀಗರಿಗೆ ನಾನೇ ಡಂಗುರ ಸಾರಿದಂತೆ. ಮದುವೆ 2019ರ ಫೆಬ್ರವರಿಗೆ ಆಯಿತು. ವಿಚಾರಣೆ ನಡೆಯುವಾಗ ಸ್ವಪ್ನಾ ಬಸುರಿ. ಆಗಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ. ‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟೆ.

ನಿನಗಾದರೂ ಹೇಳಬಹುದಿತ್ತು. ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ, ಸಾಕ್ಷಿ. ಹದಿನಾರರ ಹುಡುಗಿ, ಅಪ್ಪನ ಮಾನ ಕಾಯಲು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಎರಡು ವರ್ಷ ಹೋಗಲಿ, ದೊಡ್ಡವಳಾದ ಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ನೀನು ನನ್ನೊಂದಿಗೆ ಮಾತು ಬಿಟ್ಟಿದ್ದೆ. ತಪ್ಪು ನನ್ನದೇ. ಮಗಳು ನನ್ನನ್ನು ಕಳ್ಳನೆಂದು ತಿಳಿದರೂ ಒಂದು ದಿನ ತಾನೇ ಸರಿಹೋಗುತ್ತಾಳೆ ಎಂದು ನಂಬಿದ್ದು ತಪ್ಪು.

ಹುನಗುಂದದ ಆಚೆ, ಯಾರ ಗುರುತೂ ಇಲ್ಲದ ಒಂದು ಊರಿನ ಹೊರಗೆ ಎರಡು ಕೋಣೆಯ ಮನೆ ಹಿಡಿದಿದ್ದೆ. ನಿಮ್ಮ ಆಯಿಗೆ ನಾನು ಮಗನೆಂದು ಗುರುತು ಹತ್ತುತ್ತಿರಲಿಲ್ಲ. ಆದರೆ ಸರ್ವೇಯರ್ ಎನ್ನುವುದು ಮಾತ್ರ ಹೇಗೋ ತಲೆಯಲ್ಲಿ ಉಳಿದಿತ್ತು. ಬೆಳಗ್ಗೆ ಎದ್ದವಳೇ ಕೈಮುಗಿದು, ‘ಮೋಜಣಿ ಸಾಹೇಬ್ರ, ನಮ್ಮ ಹೊಲಾ ಒಂದೀಟು ಅಳದು ಕೊಡ್ರಿ. ನಮ್ಮ ಅಣ್ಣಗೋಳು ಒತ್ಯಾರ’ ಎನ್ನುವಳು. ಅಳೆಯುತ್ತೇನೆ ಎನ್ನುವವರೆಗೆ ಬಿಡುತ್ತಿರಲಿಲ್ಲ.

ಕಚೇರಿಯ ಹರಾಜಿನಲ್ಲಿ ನಾನು ಕೊಂಡಿದ್ದ ಒಂದು ಹಳೆಯ ಸರಪಳಿ ಇತ್ತು, ಈಗಲೂ ನಮ್ಮ ಅಟ್ಟದ ಮೇಲಿದೆ. ಅದನ್ನು ತೆಗೆದುಕೊಂಡು ಮನೆಯ ಮುಂದಿನ ಬೀಳು ಭೂಮಿಗೆ ಹೋಗುತ್ತಿದ್ದೆವು. ಸರಪಳಿಗೆ ಎರಡು ತುದಿ, ಇಬ್ಬರು ಬೇಕು. ಆಳು ಎಲ್ಲಿಂದ ತರಲಿ? ಇನ್ನೊಂದು ತುದಿ ನಿಮ್ಮ ಆಯಿಯ ಕೈಗೇ ಕೊಟ್ಟೆ. ಅದನ್ನು ಹಿಡಿದಿರುವಷ್ಟು ಹೊತ್ತು ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ತವರು ಕೇಳುತ್ತಿರಲಿಲ್ಲ, ಅಳುತ್ತಿರಲಿಲ್ಲ. ನಾನು ಎಳೆದರೆ ಬಿಗಿಯಾಗಿ ಹಿಡಿಯುವಳು, ಸಡಿಲ ಬಿಟ್ಟರೆ ಬಯ್ಯುವಳು. ಕೊನೆಗೆ ದಿನವೂ ಒಂದೇ ಲೆಕ್ಕ ಹೇಳುತ್ತಿದ್ದೆ, ‘ಎರಡು ಎಕರೆ ಹದಿನಾಲ್ಕು ಗುಂಟೆ ಐತ್ರಿ ಅವ್ವಾರ. ನಿಮ್ಮ ಹೆಸರಿಗೇ ಐತಿ.’ ಅವಳು ಸೆರಗಿನಿಂದ ನನ್ನ ಮುಖದ ಬೆವರು ಒರೆಸಿ, ‘ಪುಣ್ಯಾ ಬರಲಿ ಸಾಹೇಬ್ರ, ನಿಮ್ಮನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ’ ಎನ್ನುವಳು.

ಸರ್ಕಾರ ಗೈರುಹಾಜರಿ ಎಂದು ಬರೆಯಿತು. ಆ ಹದಿನಾಲ್ಕು ತಿಂಗಳಲ್ಲಿ ನಾನು ಅಳತೆ ಮಾಡದ ದಿನವೇ ಇರಲಿಲ್ಲ, ಮಗಳೇ.

ಇದನ್ನು ಸ್ವಪ್ನಾಳಿಗೆ ಹೇಳಬೇಡ. ಅವಳ ಸಂಸಾರ ತಣ್ಣಗಿದೆ. ಮುದೀರ್ ಡಿಸೆಂಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾನೆ. ಅವನ ಕಾಗದ ಇನ್ನೂ ಮೇಜಿನ ಖಾನೆಯಲ್ಲಿದೆ, ಪೆನ್ನೂ ಇದೆ. ನನಗೆ ನಿಮ್ಮೆಲ್ಲರನ್ನೂ ನೋಡಬೇಕೆಂದು ಬಹಳ ಅನಿಸುತ್ತದೆ. ಬಂದು ಏನಾಗಿ ಇರಲಿ ಎನ್ನುವುದು ಗೊತ್ತಾಗುವುದಿಲ್ಲ.

ನಿನ್ನ,
ಅಪ್ಪ

*

ಧಾರವಾಡ
12 ಡಿಸೆಂಬರ್ 2025

ಅಪ್ಪಾ,

ನಿಮ್ಮ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ಬಿಕ್ಕಿ ಬಿಕ್ಕಿ ಅತ್ತೆ. ಯಾಕೆಂದು ಕೇಳಿದ ಗೆಳತಿಯರಿಗೆ ಹಲ್ಲುನೋವು ಎಂದೆ. ಸ್ವಪ್ನಕ್ಕ ಅದೇ ದಿನ ಫೋನು ಮಾಡಿದ್ದಳು. ಅರ್ಧ ಗಂಟೆ ಮಾತಾಡಿದೆವು. ಒಂದಕ್ಷರ ಹೇಳಲಿಲ್ಲ. ಎಳ್ಳುಕಾಳು ನೆನೆಯಿತು ಅಪ್ಪಾ, ಮೊಳಕೆಯೂ ಬಂತು.

ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ನೀವು ಮೊದಲ ಪತ್ರದಲ್ಲೇ ಕೇಳಿದ್ದಿರಿ, ನಾನು ಉತ್ತರ ಕೊಡಲಿಲ್ಲ. ನಡುವಿನ ಹೆಸರು ಅಂಚೆಯಲ್ಲಿ ಬಿದ್ದದ್ದಲ್ಲ. ಕಾನೂನು ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ನಾನೇ ಬಿಟ್ಟೆ. ಗುಮಾಸ್ತರು, ‘ಅಪ್ಪನ ಹೆಸರು ಎಲ್ಲೈತಿ?’ ಎಂದು ಕೇಳಿದರು. ‘ಅದು ಬ್ಯಾಡ್ರಿ’ ಎಂದೆ. ಸರ್ಕಾರ ನಿಮ್ಮನ್ನು ಕೆಲಸದಿಂದ ತೆಗೆಯಿತು, ಅಷ್ಟೇ. ಹೆಸರು ಹೊಡೆದುಹಾಕಿದವಳು ನಾನು. ಅವರು ವಿಚಾರಣೆಯನ್ನಾದರೂ ಮಾಡಿದರು. ನಾನು ಅದನ್ನೂ ಮಾಡಲಿಲ್ಲ. ನನ್ನನ್ನು ಕ್ಷಮಿಸಿ ಅಪ್ಪಾ.

ನಿನ್ನೆ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಹೆಸರು ತಿದ್ದಲು ಅಫಿಡವಿಟ್ ಕೊಟ್ಟು ಬಂದೆ. ಪ್ರಬಂಧವೂ ಮುಗಿಯಿತು. ಅದರ ಮೊದಲ ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ದೊಡ್ಡ ಅಕ್ಷರದಲ್ಲಿರುವುದು ವಿಷಯ, ಅದರ ಕೆಳಗಿನದನ್ನು ನೋಡಿ.

ಇವತ್ತು ಡಿಸೆಂಬರ್ 12. ನಿಮ್ಮ ಆದೇಶಕ್ಕೆ ಸರಿಯಾಗಿ ಆರು ವರ್ಷ ತುಂಬಿತು. ಬಂದು ಏನಾಗಿ ಇರಲಿ ಎಂದು ಕೇಳಿದ್ದಿರಿ. ತಾಂಗ್ ಕಾನೂನಿನ ಪ್ರಕಾರ ಇಂದಿನಿಂದ ನೀವು ಮತ್ತೆ ಸೇವೆಗೆ ಬರಲು ಅರ್ಹರು. ದರ್ಜೆ ಸ್ವಲ್ಪ ಕೆಳಗಿರುತ್ತದೆ. ಅವ್ವ ಕೂಡ ಫೋನಿನಲ್ಲಿ, ‘ಕಾಗದದಾಗ ನಂದೂ ಒಂದು ಸಾಲು ಬರಿ’ ಎಂದಳು. ಏನೆಂದು ಕೇಳಿದರೆ ನಾಚಿಕೊಂಡು, ‘ಹೊಸಾ ಕೊಡಿ ಒಂದು ತಂದಿಟ್ಟೀನಿ ಅಂತ ಬರಿ’ ಎಂದಳು.

ನಿಮ್ಮ,
ಸಾಕ್ಷಿ ಈರಯ್ಯ ಸಾಲಿಮಠ

*

ಸುಲೈಬಿಯಾ
2 ಜನವರಿ 2026, ಶುಕ್ರವಾರ

ಸಾಕ್ಷಿ,

ಆ ಹಾಳೆಯನ್ನು ಮೊಯ್ದಿನಬ್ಬರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಮೂರೂ ಪದ ಜೋರಾಗಿ ಓದಿದರು. ‘ಇದಕ್ಕೆ ಗಾಜು ಹಾಕ್ಸಿ ಮಾರಾಯ್ರೆ’ ಎಂದರು. ಗಾಜು ಹಾಕಿಸಲು ಸಮಯವಿಲ್ಲ ಎಂದೆ.

ಸಹಿ ಹಾಕಲಿಲ್ಲ. ಮುದೀರ್‌ಗೆ ಖಲಾಸ್ ಎಂದು ಕಾಗದ ವಾಪಸ್ ಕೊಟ್ಟೆ. ಟಿಕೆಟ್ ಜನವರಿ 24ಕ್ಕೆ ಆಗಿದೆ. ಈ ಪತ್ರವನ್ನು ನಾಳೆ ಊರಿಗೆ ಹೊರಟಿರುವ ನಮ್ಮ ಕ್ಯಾಂಪಿನ ಶಬೀರನ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಯನ್ನು ನಂಬಿ ಕೂರಲಾರೆ.

ಕೆಳಗಿನ ದರ್ಜೆ ಎಂದು ಬರೆದಿದ್ದೀಯಲ್ಲ, ಯೋಚಿಸಿದೆ. ನಮ್ಮ ಇಲಾಖೆಯಲ್ಲಿ ಸರ್ವೇಯರನ ಕೆಳಗೆ ಸರಪಳಿ ಹಿಡಿಯುವವನು ಇರುತ್ತಾನೆ. ಸಾಹೇಬರು ನಿಲ್ಲು ಎಂದಲ್ಲಿ ನಿಲ್ಲಬೇಕು, ಎಳೆದರೆ ಬಿಗಿಯಾಗಿ ಹಿಡಿಯಬೇಕು, ಹೇಳುವವರೆಗೆ ಕೈ ಬಿಡಬಾರದು. ಬೇರೆ ಕೆಲಸವಿಲ್ಲ.

ಅಟ್ಟದಿಂದ ಸರಪಳಿ ಇಳಿಸಿ ಎಣ್ಣೆ ಹಚ್ಚಿಡು. ನೀನು ಮುಂದೆ ನಡೆ. ಇನ್ನೊಂದು ತುದಿ ನಾನು ಹಿಡಿಯುತ್ತೇನೆ.

ನಿನ್ನ,
ಅಪ್ಪ